ಬಿಳಿ ಕಲ್ಲಿನ ದಾರಿ (ಕಂತು ೭)

ಕಲ್ಲನ್ನು ಎತ್ತಿ ನೋಡಿದರೆ ಕೆಳಗಿನ ಹುಲ್ಲು ಹಸಿರಾಗಿತ್ತು.

ಗುಸೂನ್ ಕಲ್ಲನ್ನು ಮೆಲ್ಲಗೆ ಅದೇ ಜಾಗದಲ್ಲಿಟ್ಟಳು. ಪಕ್ಕದ ಕಲ್ಲಿಗೆ ಕೈ ಹಾಕಿದಳು. ಅದರ ಕೆಳಗೂ ಹಸಿರೇ. ಎಳೆ ಹುಲ್ಲು ಆಗ ತಾನೇ ನಜ್ಜುಗುಜ್ಜಾದ ಹಾಗೆ ಮಲಗಿತ್ತು.

"ಯಮಾನ್, ಈ ಸಾಲು ನೀನು ಇಟ್ಟು ಎಷ್ಟು ದಿನ ಆಯ್ತು?"

"ಆರು ವಾರ ಆಯ್ತಕ್ಕ. ಯಾಕೆ?"

"ಆರು ವಾರ ಬಿಸಿಲು ಕಾಣದ ಹುಲ್ಲು ಯಾವ ಬಣ್ಣ ಇರುತ್ತೆ?"

ಯಮಾನ್ ಬಗ್ಗಿ ಹುಲ್ಲು ನೋಡಿದ. ನೆಲಬಾಂಬ್ ತೆಗೆಯುವ ತಂಡದ ಮುಖ್ಯಸ್ಥ ಅವನು. ಮೂವತ್ತೈದರ ಆಸುಪಾಸು, ಬಲಗೈಯಲ್ಲಿ ಎರಡು ಬೆರಳಿಲ್ಲ. ಲೋಹ ಹುಡುಕುವ ಕೋಲನ್ನು ಮುಂದೆ ಆಡಿಸದೆ ಒಂದು ಹೆಜ್ಜೆಯನ್ನೂ ಇಡದ ಮನುಷ್ಯ. ತಾನೇ ಶುದ್ಧ ಮಾಡಿದ ಈ ಓಣಿಯಲ್ಲೂ ಅವನು ಗುಸೂನಳನ್ನು ಒಳಗೆ ಕರೆತರಲು ಅರ್ಧ ಗಂಟೆ ತೆಗೆದುಕೊಂಡಿದ್ದ.

ಓಣಿಯ ಎರಡೂ ಬದಿ ಅರ್ಧ ಬಿಳಿ, ಅರ್ಧ ಕೆಂಪು ಬಳಿದ ಕಲ್ಲುಗಳು. ಬಿಳಿ ಮುಖ ಒಳಗೆ, ಕೆಂಪು ಮುಖ ಹೊರಗೆ. ಎರಡೂ ಕಡೆ ಬಿಳಿ ಕಂಡರೆ ಕಾಲಿಡಬಹುದು. ಕೆಂಪು ಕಂಡರೆ ನಿಂತಲ್ಲೇ ನಿಲ್ಲಬೇಕು. ಯುದ್ಧ ಮುಗಿದ ಮೇಲೆ ಗಡಿಯಾಚೆಯಿಂದ ಕಫರ್ ಸುಮ್ಮಾಕಿ ಅನ್ನುವ ಈ ಊರಿಗೆ ವಾಪಸು ಬಂದವರು ಮನೆಯ ಬಾಗಿಲು ತಟ್ಟುವ ಮೊದಲು ಕಲಿಯುವ ಪಾಠ ಇದು. ಆದರೂ ಇಪ್ಪತ್ತು ದಿನದಲ್ಲಿ ಇಬ್ಬರು ಬಾಂಬಿಗೆ ಬಲಿಯಾಗಿದ್ದರು. ಮೊದಲು ಪಕ್ಕದ ತೋಟದ ವಫೀಕಾ, ಆಮೇಲೆ ಒಂಬತ್ತು ದಿನದ ಹಿಂದೆ ಇದೇ ತೋಟದಲ್ಲಿ ಮುನೀಫ್. ಊರು ಹಣೆಬರಹ ಅಂದಿತು. ಗುಸೂನ್ ಒಬ್ಬಳು ಒಪ್ಪಿರಲಿಲ್ಲ.

"ಮೇಕೆಗಳು ಕಾಲಲ್ಲಿ ಒದ್ದಿರಬಹುದು," ಅಂದ ಯಮಾನ್.

"ಹನ್ನೊಂದು ಕಲ್ಲನ್ನೂ? ಒದ್ದು ಮತ್ತೆ ಸಾಲಾಗಿ ಜೋಡಿಸಿಟ್ವಾ?"

ಅವಳು ಬಗ್ಗಿ ಬೆರಳು ತೋರಿಸಿದಳು. ಪ್ರತಿ ಕಲ್ಲಿಗೂ ಒಂದು ಗೇಣು, ಅರ್ಧ ಗೇಣು ಆಚೆ, ತಟ್ಟೆಯಷ್ಟಗಲ ಹುಲ್ಲು ಬಿಳಿಚಿಕೊಂಡಿತ್ತು. ಆರು ವಾರ ಕಲ್ಲು ಕೂತಿದ್ದ ನಿಜವಾದ ಜಾಗ ಅದು. ಯಾರೋ ಸಾಲನ್ನು ಕಿತ್ತು ಬೇರೆ ಕಡೆ ಇಟ್ಟಿದ್ದರು. ಕೆಲಸ ಮುಗಿದ ಮೇಲೆ ತಂದು ಮೊದಲಿನ ಹಾಗೇ ಜೋಡಿಸಿದ್ದರು. ಅವಸರದಲ್ಲಿ ಗೇಣು, ಅರ್ಧ ಗೇಣು ತಪ್ಪಿತ್ತು.

"ಮುನೀಫ್ ದಾರಿ ತಪ್ಪಲಿಲ್ಲ. ದಾರಿಯೇ ತಪ್ಪಿಸಿಕೊಂಡು ಹೋಗಿತ್ತು," ಅಂದಳು ಗುಸೂನ್.

ಏಪ್ರಿಲ್ ತಿಂಗಳ ಬಿಸಿಲು, ಆಲಿವ್ ಮರಗಳ ನಡುವೆ ಕೆಂಪು ಗಸಗಸೆ ಹೂ. ಇಂಥ ಹೂವಿನ ನಡುವೆ ಯಾರೋ ಕೂತು ಕಲ್ಲು ಎಣಿಸಿ ಎತ್ತಿಟ್ಟಿದ್ದಾರೆ, ಒಬ್ಬ ಮನುಷ್ಯ ಎಲ್ಲಿ ಕಾಲಿಡುತ್ತಾನೆ ಅಂತ ಅಳೆದು ನೋಡಿದ್ದಾರೆ. ಗಂಡಸು ಗಂಡಸನ್ನು ಕೊಂದ ಕತೆ, ತಮ್ಮ ಅಣ್ಣನನ್ನು ಕೊಂದ ಕತೆ ಅವಳು ಬೇಕಾದಷ್ಟು ಬರೆದುಕೊಂಡಿದ್ದಳು. ಯುದ್ಧಕ್ಕೆ ಮುಂಚೆ ನ್ಯಾಯಾಲಯದಲ್ಲಿ ಹೇಳಿಕೆ ಬರೆಯುವ ಗುಮಾಸ್ತೆಯಾಗಿದ್ದಳು. ಆಮೇಲೆ ಗಡಿಯಾಚೆ ಟರ್ಕಿಯಲ್ಲಿ ಹನ್ನೊಂದು ವರ್ಷ ಕಾಲುಚೀಲ ಮಡಿಸಿ ಡಬ್ಬಕ್ಕೆ ತುಂಬಿದಳು. ಇಂಥ ತಾಳ್ಮೆಯ ಕೊಲೆ ಮಾತ್ರ ಅವಳು ಕೇಳಿರಲಿಲ್ಲ.

"ಕಲ್ಲನ್ನ ತಪ್ಪು ಕಡೆ ಇಡ್ಬೇಕು ಅಂದ್ರೆ ಇಡೋನು ಬಾಂಬಿನ ನಡುವೆ ಓಡಾಡ್ಬೇಕು. ಯಾರಿಗೆ ಸಾಧ್ಯ?"

ಯಮಾನ್ ಹಣೆಯ ಬೆವರು ಒರೆಸಿಕೊಂಡ. "ನನಗೂ ಆಗಲ್ಲ, ಈ ಕೋಲಿಲ್ದೆ. ಒಬ್ಬನಿದ್ದಾನೆ. ಹಳೇ ಸರ್ಕಾರದ ಸೈನಿಕರು ಊರು ಹಿಡ್ಕೊಂಡಿದ್ದ ಐದು ವರ್ಷಾನೂ ಇಲ್ಲೇ ಕುರಿ ಮೇಯಿಸಿದೋನು."

"ಸರ್ಹಾನ್ ಚಿಕ್ಕಪ್ಪ?"

"ನಾನು ಹೆಸರು ಹೇಳಿಲ್ಲಪ್ಪ," ಅಂದು ಯಮಾನ್ ಕೋಲು ಮುಂದೆ ಚಾಚಿ, ಬಂದ ದಾರಿಯಲ್ಲೇ ಒಂದೊಂದೇ ಹೆಜ್ಜೆ ಹೊರಟ.

*

ಊರೊಳಗೆ ಹೋಗುವಾಗ ಗುಸೂನ್ ಮುನೀಫನ ಮನೆಯ ಮುಂದೆ ಮೋಟಾರ್ ಸೈಕಲ್ ನಿಲ್ಲಿಸಲು ಯಮಾನನಿಗೆ ಹೇಳಿದಳು. ಮುನೀಫನ ಹೆಂಡತಿ ಹಜ಼ಾರ್ ಒಲೆಯ ಮುಂದೆ ರೊಟ್ಟಿ ಸುಡುತ್ತಿದ್ದಳು. ಅವಳ ಮನೆಗೆ ಸೂರಿಲ್ಲ. ಕಬ್ಬಿಣದ ಸಲಾಕೆಯ ಆಸೆಗೆ ಯಾರೋ ಸೂರನ್ನೇ ಒಡೆದು ಕೊಂಡೊಯ್ದಿದ್ದರು, ಗೋಡೆಯೊಳಗಿನ ವೈರನ್ನೂ ಬಿಟ್ಟಿರಲಿಲ್ಲ. ಶಿಬಿರದಿಂದ ತಂದ ನೀಲಿ ಟಾರ್ಪಾಲೇ ಈಗ ಸೂರು. ಟರ್ಕಿಯಿಂದ ಬಂದ ಚೀಲಗಳು ಗಂಟು ಬಿಚ್ಚದೆ ಗೋಡೆಗೊರಗಿದ್ದವು. ಎರಡೂ ಮಕ್ಕಳು ಬೂಟು ಹಾಕಿಕೊಂಡೇ ಚಾಪೆಯ ಮೇಲೆ ಮಲಗಿದ್ದವು.

"ಬೂಟು ಬಿಚ್ಚಲ್ವಾ ಮಕ್ಕಳು?"

"ನಾನೇ ಬಿಚ್ಚಿಸಲ್ಲ," ಅಂದಳು ಹಜ಼ಾರ್. "ಓಡೋ ಹಾಗಾದ್ರೆ ಹುಡುಕೋಕೆ ಹೊತ್ತೆಲ್ಲಿರುತ್ತೆ? ಓಡೋದಾದ್ರೂ ಎಲ್ಲಿಗೆ ಅಂತ ಕೇಳ್ಬೇಡಿ. ನನ್ನಿಷ್ಟದಿಂದಲೇ ಹೋಗ್ತಿದ್ದೀನಿ ಅಂತ ಗಡಿಯಲ್ಲಿ ಸಹಿ ಹಾಕ್ಸಿಕೊಂಡ್ರು. ಇನ್ನು ಆ ಕಡೆ ಬಾಗಿಲಿಲ್ಲ."

"ಮುನೀಫ್ ಆ ದಿನ ತೋಟಕ್ಕೆ ಯಾಕೆ ಹೋದ?"

"ಬಾವಿ ನೋಡೋಕೆ. ಮೂರು ತೋಟ ಸೇರೋ ಮೂಲೆಯಲ್ಲಿ ಹಳೇ ಮಳೆನೀರಿನ ಬಾವಿ ಇದೆಯಲ್ಲ, ಅದನ್ನ ಶುದ್ಧ ಮಾಡ್ತೀನಿ ಅಂತ ಕೂತಿದ್ದ. ಟ್ಯಾಂಕರ್ ನೀರು ಕುಡಿದು ಚಿಕ್ಕವನಿಗೆ ಭೇದಿ." ಅವಳು ರೊಟ್ಟಿ ಮಗುಚಿದಳು. "ಹಗ್ಗಾನೂ ತಂದಿದ್ದ. ವಫೀಕಾ ಮನೆಯಿಂದ."

"ವಫೀಕಾ ಮನೇಲಿ ಬಾವಿ ಹಗ್ಗ ಯಾಕಿತ್ತು?"

"ಪಾಪ, ಅವಳೂ ಅದೇ ಕೆಲಸಕ್ಕೆ ಅಂತ ತಂದಿಟ್ಟಿದ್ದಳು."

ಗುಸೂನ್ ಮನಸ್ಸಿನಲ್ಲೇ ತೋಟಗಳನ್ನು ಜೋಡಿಸಿ ನೋಡಿದಳು. ವಫೀಕಾಳ ತೋಟ, ಮುನೀಫನ ತೋಟ. ಬಾವಿ ಇಬ್ಬರಿಗೂ ಬೇಕಿತ್ತು. ಆ ಮೂಲೆಗೆ ತಾಗುವ ಮೂರನೆಯ ತೋಟ ಗುಸೂನಳ ಅಪ್ಪ ರಶ್ವಾನನದು.

"ಬಾವಿ ತೆಗೀತೀನಿ ಅಂತ ಮುನೀಫ್ ಯಾರ ಹತ್ತಿರ ಹೇಳಿದ್ದ?"

"ಯಾರ ಹತ್ತಿರ ಹೇಳಿರಲಿಲ್ಲ ಕೇಳಿ. ಚಹಾದಂಗಡಿಯಲ್ಲಿ ಕೂತು ಊರಿಗೆಲ್ಲ ಸಾರಿದ್ದ. ಬಾಯಿ ಕಟ್ಟಿ ಗೊತ್ತಿರಲಿಲ್ಲ ಆ ಮನುಷ್ಯನಿಗೆ." ಹಜ಼ಾರ್ ಬಿಸಿ ರೊಟ್ಟಿಯೊಂದನ್ನು ಮಡಿಸಿ ಗುಸೂನಳ ಕೈಗಿಟ್ಟು, ಮತ್ತೆ ಒಲೆಯ ಕಡೆ ತಿರುಗಿದಳು.

*

ಸರ್ಹಾನ್ ತನ್ನ ಕುರಿಗಳನ್ನು ಗುಡ್ಡದ ಮೇಲಿನ ಹಾಳು ಶಾಲೆಯಲ್ಲಿ ಕೂಡಿಹಾಕುತ್ತಿದ್ದ. ಎರಡನೆಯ ತರಗತಿಯ ಕೋಣೆ. ಕಪ್ಪು ಹಲಗೆ ಇನ್ನೂ ಗೋಡೆಯಲ್ಲಿತ್ತು, ಅದರ ಮೇಲೆ ಮರಿಗಳ ಲೆಕ್ಕ ಬರೆದಿತ್ತು. ಮುದುಕ ಎಡಗಾಲು ಚಾಚಿ ಬೆಂಚಿನ ಮೇಲೆ ಕೂತಿದ್ದ. ಆ ಕಾಲು ಮಡಿಸಲು ಬರುತ್ತಿರಲಿಲ್ಲ.

"ರಶ್ವಾನನ ಮಗಳು ಬಂದ್ಳಾ! ಬಾ ತಾಯಿ, ಬಾ. ಆ ಯಂತ್ರದೋನು ಹೊರಗೇ ಇರ್ಲಿ. ಅದರ ಕಿರುಚಾಟ ಕೇಳಿದ್ರೆ ಕುರಿ ಹೆದರ್ತವೆ."

ಯಮಾನ್ ನಕ್ಕು ಹೊರಗೆ ಮೋಟಾರ್ ಸೈಕಲ್ಲಿನ ಹತ್ತಿರವೇ ಉಳಿದ. ಮುದುಕ ಚಹಾ ಸುರಿದು ಲೋಟ ಮುಂದೆ ತಳ್ಳಿದ. ಗುಸೂನ್ ಮುಟ್ಟಲಿಲ್ಲ.

"ಐದು ವರ್ಷದಲ್ಲಿ ಬಾಂಬಿಗೆ ಎಷ್ಟು ಕುರಿ ಹೋದ್ವು ಚಿಕ್ಕಪ್ಪ?"

"ಏಳು."

"ಇನ್ನೂರರಲ್ಲಿ ಏಳೇನಾ?"

"ಒಂದು ಕುರಿ ಸತ್ತ ಕಡೆ ಇನ್ನೊಂದು ಕುರಿ ಹೋಗಲ್ಲ ಕಣಮ್ಮ. ಅವಕ್ಕೆ ಅಷ್ಟು ಬುದ್ಧಿ ಇದೆ. ಮನುಷ್ಯರು ನೋಡು, ಲಾರಿ ತುಂಬ್ಕೊಂಡು ವಾಪಸ್ ಬರ್ತಾನೇ ಇದ್ದೀರಿ."

"ನಮ್ಮ ಊರಿಗೆ ನಾವು ಬರಬಾರದಾ?"

"ನಿಮ್ಮ ಊರು!" ಮುದುಕ ಲೋಟ ಕುಕ್ಕಿದ. "ಇಲ್ಲಿ ಬೇವಾರ್ಸಿ ಹೆಣ ಹೂತಿದ್ದು ಯಾರು? ಸೈನಿಕರ ಬೂಟಿನೇಟು ತಿಂದಿದ್ದು ಯಾರು? ನೀವು ಆ ಕಡೆ ಲೈಟು ನೋಡ್ಕೊಂಡು, ನಲ್ಲಿ ನೀರು ಕುಡ್ಕೊಂಡು ಇದ್ರಿ. ಈಗ ಬಂದು, ನನ್ನ ಕದ ಎಲ್ಲಿ, ನನ್ನ ಕಿಟಕಿ ಎಲ್ಲಿ ಅಂತ ನಮ್ಮನ್ನೇ ಕಳ್ಳರ ಥರ ನೋಡ್ತೀರಿ."

"ನಾನು ಕದ ಕೇಳೋಕೆ ಬಂದಿಲ್ಲ. ಮುನೀಫನ ತೋಟದಲ್ಲಿ ಕಲ್ಲು ಸರಿಸಿದ್ದು ಯಾರು ಅಂತ ಕೇಳೋಕೆ ಬಂದೆ."

ಮುದುಕ ಬಗ್ಗಿ ಪಕ್ಕದ ಮರಿಯ ಬೆನ್ನು ಸವರತೊಡಗಿದ.

"ಆ ನೆಲದಲ್ಲಿ ಕಣ್ಣು ಮುಚ್ಕೊಂಡು ನಡೆಯೋರು ನೀವೊಬ್ಬರೇ," ಗುಸೂನ್ ಬಿಡಲಿಲ್ಲ. "ತೋಟದವರು ಬಂದ್ರೆ ನಿಮ್ಮ ಮೇವು ಹೋಗುತ್ತೆ. ಅವರು ಸತ್ರೆ ಉಳಿಯುತ್ತೆ. ನ್ಯಾಯಾಲಯದಲ್ಲಿ ಹೇಳಿಕೆ ಬರೀತಿದ್ದೋಳು ನಾನು. ಇದಕ್ಕಿಂತ ಕಡಿಮೆ ಕಾರಣಕ್ಕೆ ಕೊಂದೋರನ್ನ ನೋಡಿದ್ದೀನಿ."

ಮುದುಕ ರೇಗುತ್ತಾನೆ ಅಂದುಕೊಂಡಿದ್ದಳು. ಅವನು ರೇಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ಗುಸೂನಳಿಗೆ ಆಗ ಹೊಳೆಯಿತು: ಇಷ್ಟು ಹೊತ್ತೂ ಅವನು ಆಡಿದ್ದು ಸಿಟ್ಟಿನ ಮಾತಲ್ಲ. ಹೆದರಿಕೆಗೆ ಹೊದಿಸಿದ ಹೊದಿಕೆ.

"ಆ ಬಾವಿ ಕಡೆ ನನ್ನ ಕುರಿ ತಲೇನೂ ಹಾಕಲ್ಲ," ಅಂದ.

"ಅಂದ್ರೆ?"

"ಹತ್ತಿರಾನೂ ಹೋಗಲ್ಲ. ಮೂರು ವರ್ಷ ಆಯ್ತು. ಒಂದು ದಿನ ಸೈನಿಕರ ಕಾವಲು ಕಟ್ಟೆಯಲ್ಲಿ ಬಸ್ಸು ನಿಲ್ಸಿದ್ರು. ಜನ ಇಳಿದದ್ದು ನೋಡ್ದೆ. ಹತ್ತಿದ್ದು ನೋಡಲಿಲ್ಲ. ಅದಾದ ಮೇಲೆ ಬಾವಿ ಬಾಯಿಗೆ ಕಾಂಕ್ರೀಟು ಹಾಕಿದ್ರು. ಸುತ್ತ ಹೊಸದಾಗಿ ಬಾಂಬ್ ಹೂತ್ರು."

ಹಗ್ಗ ತಂದಿಟ್ಟುಕೊಂಡ ವಫೀಕಾ. ಅದೇ ಹಗ್ಗ ಕೇಳಿ ತಂದ ಮುನೀಫ್. ಕೊಂದವನಿಗೆ ನೆಲವೂ ಬೇಡ, ಮೇವೂ ಬೇಡ. ಯಾರಿಗೋ ಆ ಬಾವಿಯ ಮುಚ್ಚಳ ತೆರೆಯುವುದು ಬೇಡವಾಗಿತ್ತು, ಅಷ್ಟೇ.

"ಯಾರಿಗೆ ದಾರಿ ತೋರಿಸಿದ್ರಿ ಚಿಕ್ಕಪ್ಪ? ಯಾರೋ ನಿಮ್ಮನ್ನ ಕೇಳಿದ್ದಾರೆ."

"ಕೇಳಿದ. ನನ್ನ ಕುರಿ ಯಾವ ಜಾಡಲ್ಲಿ ಹೋಗ್ತವೆ ಅಂತ ಕೇಳಿದ. ಕತ್ತಿಗೆ ಕೋವಿ ಇಟ್ಟು ಕೇಳಿದ್ರೆ ನೀನಾದ್ರೂ ಹೇಳ್ತಿದ್ದೆ." ಮುದುಕ ಅವಳ ಮುಂಗೈ ಹಿಡಿದ. "ಎರಡು ತೋಟದ್ದಲ್ಲ ತಾಯಿ. ಮೂರು ತೋಟದ ದಾರೀನೂ ಕೇಳಿದ. ಮೂರನೇದು ನಿಮ್ಮಪ್ಪಂದು."

"ಯಾರು?"

ಅಷ್ಟರಲ್ಲಿ ಅವಳ ಮೊಬೈಲ್ ಬಡಿದುಕೊಂಡಿತು. ತಂಗಿ ಲುಬಾಬಾ. ಬೆಳಗ್ಗೆ ಮಗಳು ಜೂರಿಯ ಜೊತೆ ಗಡಿ ದಾಟಿದವಳು ಸಂಜೆಗೆ ಊರು ಮುಟ್ಟಬೇಕಿತ್ತು.

"ಅಕ್ಕಾ! ಬಂದ್ವಿ! ಡ್ರೈವರ್ ಬೇಗ ತಂದುಬಿಟ್ಟ. ಎಲ್ಲಿದ್ದೀನಿ ಹೇಳು ನೋಡೋಣ? ಅಪ್ಪನ ತೋಟದಲ್ಲಿ! ಮರ ಎಲ್ಲ ಹಾಗೇ ಇದಾವೆ ಕಣೇ. ಜೂರಿಗೆ ಅಪ್ಪ ನೆಟ್ಟ ಜೋಡಿ ಮರ ತೋರಿಸ್ಬೇಕು ಅಂತ ರಸ್ತೆಯಲ್ಲೇ ಇಳಿದುಬಿಟ್ಟೆ."

"ಲುಬಾಬಾ, ಎಲ್ಲಿ ನಿಂತಿದ್ದೀಯ?"

"ಹೆದರ್ಕೋಬೇಡ, ನೀನು ಹೇಳಿದ್ದು ನೆನಪಿದೆ. ಎರಡೂ ಕಡೆ ಬಿಳಿ ಕಲ್ಲು ನೋಡ್ಕೊಂಡೇ ಬಂದ್ವಿ. ಎಷ್ಟು ಚೆನ್ನಾಗಿ ಇಟ್ಟಿದ್ದಾರೆ! ಇನ್ನೂ ಪೇಂಟ್ ವಾಸನೆ ಹೊಡೀತಿದೆ."

ಗುಸೂನ್ ಹೇಗೆ ಬಾಗಿಲ ಹೊರಗೆ ಬಂದಳೋ ಅವಳಿಗೇ ತಿಳಿಯದು. ಹೊರಗೆ ಯಮಾನ್ ತಲೆ ಎತ್ತಿ ನೋಡಿದ.

"ನಮ್ಮಪ್ಪನ ತೋಟದಲ್ಲಿ ಕಲ್ಲು ಯಾವಾಗ ಇಟ್ಟೆ?"

ಯಮಾನ್ ಥಟ್ಟನೆ ಗಾಡಿಯ ಕಡೆ ತಿರುಗಿದ. "ಆ ತೋಟಕ್ಕೆ ನಾನು ಕಾಲೇ ಇಟ್ಟಿಲ್ಲಕ್ಕ. ಒಂದು ಕಲ್ಲೂ ಇಟ್ಟಿಲ್ಲ."

ಗುಸೂನ್ ಫೋನಿಗೆ ಬಾಯಿ ಹಚ್ಚಿದಳು. ದನಿ ಏರದ ಹಾಗೆ, ಹಲ್ಲು ಕಚ್ಚಿ ಹೇಳಿದಳು. "ಲುಬಾಬಾ, ಕೇಳು. ನಿಂತಲ್ಲೇ ನಿಲ್ಲು. ಜೂರಿ ಕೈ ಗಟ್ಟಿ ಹಿಡ್ಕೋ. ಬಂದ ದಾರೀಲಿ ವಾಪಸ್ ಕೂಡ ಹೋಗ್ಬೇಡ. ಫೋನ್ ಇಡ್ಬೇಡ. ನಾನು ಬಂದೆ."

"ಯಾಕಕ್ಕಾ? ಅಕ್ಕಾ, ಏನಾಯ್ತು?"

ಯಮಾನ್ ಆಗಲೇ ಮೋಟಾರ್ ಸೈಕಲ್ ಚಾಲೂ ಮಾಡಿದ್ದ. ಹಿಂದಿನಿಂದ ಮುದುಕ ಏನೋ ಕೂಗಿದ. ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ.

*

ರಸ್ತೆಯಂಚಿಗೆ ಬಂದಾಗ ತೋಟದ ನಡುವೆ ಇಬ್ಬರೂ ಕಂಡರು. ಐವತ್ತು ಅರವತ್ತು ಹೆಜ್ಜೆ ಒಳಗೆ ಲುಬಾಬಾ ಹಸಿರು ಕೋಟಿನಲ್ಲಿ ಕಂಬದ ಹಾಗೆ ನಿಂತಿದ್ದಳು. ಏಳು ವರ್ಷದ ಜೂರಿ ಅಮ್ಮನ ಸೊಂಟಕ್ಕೆ ಮುಖ ಒತ್ತಿ ಟರ್ಕಿ ಭಾಷೆಯಲ್ಲಿ ಏನೋ ಕೇಳುತ್ತಿದ್ದಳು. ಆ ಮಗು ಹುಟ್ಟಿದ್ದೂ ಬೆಳೆದದ್ದೂ ಆ ಕಡೆಯೇ. ತಾತನ ನೆಲವನ್ನು ತುಳಿಯುತ್ತಿದ್ದದ್ದು ಅವತ್ತೇ ಮೊದಲು.

ಅವರ ಎರಡೂ ಬದಿ ಹೊಸ ಬಿಳಿ ಕಲ್ಲುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅವರಿಂದ ನಾಲ್ಕೇ ಹೆಜ್ಜೆ ಮುಂದೆ ಓಣಿ ಸ್ವಲ್ಪ ಬಲಕ್ಕೆ ತಿರುಗಿತ್ತು. ಅಲ್ಲಿ ಮಣ್ಣು ಸಣ್ಣಗೆ ಉಬ್ಬಿತ್ತು.

"ದೇವರು ದೊಡ್ಡವನು," ಅಂದ ಯಮಾನ್. "ಇನ್ನು ನಾಲ್ಕು ಹೆಜ್ಜೆ ನಡೆದಿದ್ರೆ..." ಮಾತು ಮುಗಿಸದೆ ಗಾಡಿಯಿಂದಿಳಿದ. "ನೀನು ಇಲ್ಲೇ ಇರು. ಒಬ್ಬನೇ ಹೋಗ್ತೀನಿ. ಇಬ್ಬರನ್ನೂ ಕರ್ಕೊಂಡು ಬರ್ತೀನಿ."

"ನಾನೂ..."

"ಗುಸೂನಕ್ಕ, ನೀನು ಬಂದ್ರೆ ನಾಲ್ಕು ಜೀವ ನೋಡ್ಕೋಬೇಕು ನಾನು."

ಅವಳು ನಿಂತಳು. ಕೈ ಮುಗಿಯುವುದೊಂದು ಬಾಕಿ. ಅವನು ಬಿಳಿ ಕಲ್ಲಿನ ಓಣಿಯನ್ನು ಬಿಟ್ಟು, ಎಡಕ್ಕೆ ಬಳಸಿ, ಮರಗಳ ನೆರಳಿನೊಳಗೆ ನಡೆದ. ಹತ್ತು ಹೆಜ್ಜೆ. ಇಪ್ಪತ್ತು ಹೆಜ್ಜೆ. ಎಷ್ಟು ಬೇಗ ಹೋಗುತ್ತಿದ್ದಾನಪ್ಪ ಅಂತ ಗುಸೂನ್ ಮನಸ್ಸಿನಲ್ಲೇ ಹರಸಿದಳು.

ಆಮೇಲೆ ಅವಳು ಅವನ ಕಾಲುಗಳನ್ನೇ ನೋಡಿದಳು.

ಬೇಗ. ತೀರಾ ಬೇಗ.

ಕೋಲು ಮೋಟಾರ್ ಸೈಕಲ್ಲಿಗೆ ಕಟ್ಟಿದ ಹಾಗೇ ಇತ್ತು. ಅವನು ನೆಲ ನೋಡುತ್ತಿರಲಿಲ್ಲ. ಒಂದು ಮರ ಬಿಟ್ಟು ಇನ್ನೊಂದು ಮರದ ಬುಡಕ್ಕೆ, ಅಲ್ಲಿಂದ ಓರೆಯಾಗಿ ಮೂರನೆಯದಕ್ಕೆ, ತನ್ನ ಮನೆಯಂಗಳದಲ್ಲಿ ಓಡಾಡುವವನ ಹಾಗೆ ನಡೆಯುತ್ತಿದ್ದ. ಕಾಲೇ ಇಟ್ಟಿಲ್ಲ ಅಂದ ತೋಟದಲ್ಲಿ.

ಹಿಂದೆ ಗೊರಸಿನ ಸದ್ದು. ಸರ್ಹಾನ್ ಕತ್ತೆಯ ಮೇಲೆ ಅಡ್ಡದಾರಿಯಲ್ಲಿ ಇಳಿದು ಬಂದಿದ್ದ. ಮುದುಕನಿಗೆ ಏದುಸಿರು. ತೋಟದೊಳಗೆ ನಡೆಯುತ್ತಿದ್ದವನನ್ನು ಕಂಡು ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

"ಕೂಗಿದ್ನಲ್ಲ ತಾಯಿ! ಹೋಗ್ಬೇಡ ಅಂತ ಕೂಗಿದ್ನಲ್ಲ! ಅವನನ್ನ ಯಾಕೆ ಒಳಗೆ ಬಿಟ್ಟೆ?"

"ಬಾಂಬ್ ತೆಗೆಯೋನು ಚಿಕ್ಕಪ್ಪ... ಅವನು ನಿಮ್ಮನ್ನ ದಾರಿ ಕೇಳಿದ್ರೂ ಕೆಲಸಕ್ಕೆ ಅಂತ..." ಅವಳಿಗೇ ತನ್ನ ಮಾತು ಪೊಳ್ಳಾಗಿ ಕೇಳಿಸಿತು.

"ಕೆಲಸಕ್ಕೆ? ನನ್ನನ್ನ ಕೇಳಿದ್ದು ಯಾವಾಗ ಗೊತ್ತಾ? ಹೋದ ವರ್ಷ ಆಲಿವ್ ಕೊಯ್ಲಲ್ಲಿ. ಹಳೇ ಸರ್ಕಾರ ಇನ್ನೂ ಬಿದ್ದಿರಲಿಲ್ಲ. ನೀವ್ಯಾರೂ ಬಂದಿರಲಿಲ್ಲ. ಆಗ ಇವನ ಮೈಮೇಲೆ ಸೈನಿಕರ ಬಟ್ಟೆ ಇತ್ತು."

ಫೆಬ್ರವರಿಯಲ್ಲಿ ಟರ್ಕಿಯಿಂದ ಬಂದೆ ಅಂದಿದ್ದ ಯಮಾನ್. ನಾವೆಲ್ಲ ಒಂದೇ ಶಿಬಿರದ ಅನ್ನ ತಿಂದವರು ಅಕ್ಕ ಅಂದಿದ್ದ. ಇಪ್ಪತ್ತು ದಿನ ಅವಳ ಎಲ್ಲ ಅನುಮಾನವನ್ನೂ ಎದುರು ಕೂತು ತಲೆಯಾಡಿಸಿ ಕೇಳಿಸಿಕೊಂಡಿದ್ದ. ಲುಬಾಬಾ ಬರುವ ದಿನವನ್ನು, ಅವಳು ಮೊದಲು ಅಪ್ಪನ ತೋಟಕ್ಕೇ ಓಡುತ್ತಾಳೆ ಅನ್ನುವುದನ್ನು ನಗುತ್ತ ಅವನಿಗೆ ಹೇಳಿದವಳೂ ಅವಳೇ.

ತೋಟದ ನಡುವೆ ಯಮಾನ್ ಅವರನ್ನು ಮುಟ್ಟಿದ್ದ. ಜೂರಿಯ ಕೆನ್ನೆ ಸವರಿ, ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಲುಬಾಬಾಳಿಗೆ ಏನೋ ಹೇಳಿದ. ಅವಳು ತಲೆಯಾಡಿಸಿದಳು. ಅವನು ತಿರುಗಿದ. ರಸ್ತೆಯ ಕಡೆ ಅಲ್ಲ, ತೋಟದ ಇನ್ನೂ ಒಳಕ್ಕೆ.

ಎದೆಗೆ ಒತ್ತಿ ಹಿಡಿದಿದ್ದ ಫೋನನ್ನು ಕಿವಿಗಿಟ್ಟಾಗ ತಂಗಿಯ ದನಿ ಬಂತು. ಅಳು ನಿಂತು ಹಗುರಾಗಿದ್ದ ದನಿ. "ಅಕ್ಕಾ, ಇವರು ಬಂದ್ರು. ಆ ಕಡೆಯಿಂದ ಹೊರಗೆ ಹೋದ್ರೆ ಸಲೀಸಂತೆ. ಇವರ ಹಿಂದೇನೇ ಹೋಗ್ಲಾ?"

ಗುಸೂನ್ ಬಾಯಿ ತೆರೆದಳು. ಕೂಗಿದರೆ ಲುಬಾಬಾ ಬೆಚ್ಚುತ್ತಾಳೆ. ಬೆಚ್ಚಿದರೆ ಓಡುತ್ತಾಳೆ. ಆ ನೆಲದಲ್ಲಿ ಈಗ ಕಾಲಿಡಬಹುದಾದ ಜಾಗ ಅಂತ ಇದ್ದದ್ದು ಆ ಮನುಷ್ಯನ ಹೆಜ್ಜೆಯ ಗುರುತು ಮಾತ್ರ. ಮಗು ಬೇರೆ ಅವನ ಹೆಗಲ ಮೇಲೆ.

ಯಮಾನ್ ಅಲ್ಲಿಂದಲೇ ತಿರುಗಿ ರಸ್ತೆಯ ಕಡೆ ನೋಡಿದ. ಸರ್ಹಾನನನ್ನು ಕಂಡ. ಕತ್ತೆಯನ್ನು ಕಂಡ. ಆಮೇಲೆ ಗುಸೂನಳ ಕಣ್ಣಿಗೆ ಕಣ್ಣು ಕೂಡಿಸಿ, ಉತ್ತರಕ್ಕಾಗಿ ಕಾಯುವವನ ಹಾಗೆ ಸುಮ್ಮನೆ ನಿಂತ.

"ಹೋಗು," ಅಂದಳು ಗುಸೂನ್ ಫೋನಿಗೆ. ಅವಳ ದನಿ ಅವಳಿಗೇ ಯಾರದೋ ಅನ್ನಿಸಿತು. "ಅವನ ಹೆಜ್ಜೆ ಮೇಲೇ ಹೆಜ್ಜೆ ಇಡು, ಲುಬಾಬಾ. ಏನೇ ಆದ್ರೂ ಅವನ ಹೆಜ್ಜೆ ಬಿಡ್ಬೇಡ."